ಹಾಸು ಕೆಚ್ಚುವ ರಾಮಾತಾಳತ್ತೆ

ತಮಿಳುನಾಡಿನ ಕೊಯಮತ್ತೂರು ಕಡೆಯ ನಮ್ಮ ಸಿರುಮುಗೈಯಲ್ಲಿ ಯಾರಿಗಾದರೂ ಒಂದು ಖಾಲಿ ಮಗ್ಗ ಬೇಕಾದರೆ, ಅಥವಾ ಖಾಲಿ ಮಗ್ಗಕ್ಕೆ ಒಬ್ಬ ನೇಕಾರ ಬೇಕಾದರೆ, ಮೊದಲು ಕೇಳುವುದು ರಾಮಾತಾಳತ್ತೆಯನ್ನು. ನೂಲಿಗೆ ಬಣ್ಣ ಹಾಕುವವರು, ಹಣಿಗೆ ಕಟ್ಟುವವರು, ಸೆರಗಿಗೆ ಕುಚ್ಚು ಹಾಕುವ ಹೆಂಗಸರು, ಎಲ್ಲರ ಮನೆಯ ದಾರಿಯೂ ಅವರಿಗೆ ಗೊತ್ತು. ಅವರಿಗೆ ಅಂಗಡಿ ಇಲ್ಲ. ಸ್ವಂತ ಮಗ್ಗವೂ ಇಲ್ಲ. ಅವರ ಕೆಲಸ ಹಾಸು ಕೆಚ್ಚುವುದು.

ಅದೇನು ಕೆಲಸ ಎಂದು ಮೊದಲು ಹೇಳಬೇಕು. ಮಗ್ಗದ ಮೇಲೆ ಉದ್ದಕ್ಕೆ ಎಳೆದು ಕಟ್ಟಿದ ನೂಲಿಗೆ ಹಾಸು ಎನ್ನುತ್ತಾರೆ. ನೇಯುತ್ತ ನೇಯುತ್ತ ಹಾಸು ಮುಗಿಯುತ್ತದೆ. ಮುಗಿದಾಗ ಅದನ್ನು ಪೂರ್ತಿ ತೆಗೆಯುವುದಿಲ್ಲ, ಮಗ್ಗದ ಬಾಚಣಿಗೆಯಂಥ ಹಣಿಗೆಯಲ್ಲಿ ಒಂದು ಮೊಳದಷ್ಟು ಹಳೆಯ ಎಳೆಗಳನ್ನು ಬಿಟ್ಟಿರುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ಎಳೆಯ ತುದಿಗೆ ಹೊಸೆದು ಸೇರಿಸಬೇಕು. ಅದೇ ಕೆಚ್ಚುವುದು. ರೇಷ್ಮೆ ಸೀರೆಯೆಂದರೆ ನಾಲ್ಕೈದು ಸಾವಿರ ಎಳೆ. ಅತ್ತೆ ಮಗ್ಗದ ಮುಂದೆ ಕಾಲು ಚಾಚಿ ಕೂತು, ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಎರಡು ತುದಿಗಳನ್ನು ಸೇರಿಸಿ ಒಮ್ಮೆ ಹೊಸೆಯುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಂದಿನ ಎಳೆಗೆ ಹೋಗಿರುತ್ತಾರೆ.

ಒಂದು ಮನೆಯಲ್ಲಿ ಕೆಚ್ಚಲು ಕೂತರೆ ಸಂಜೆಯವರೆಗೂ ಅಲ್ಲೇ. ಕೈ ಕೆಲಸದಲ್ಲಿರುತ್ತದೆ, ಕಿವಿ ಖಾಲಿ ಇರುತ್ತದೆ. ಆ ಮನೆಯವರ ಕಷ್ಟ, ಕೊರತೆ, ಸಂತೋಷ ಎಲ್ಲವೂ ಅವರ ಕಿವಿಗೆ ಬೀಳುತ್ತದೆ. ಮರುದಿನ ಇನ್ನೊಂದು ಮನೆ. ಹೀಗೆ ನಡೆದೇ ಅವರಿಗೆ ಎಲ್ಲರ ಪರಿಚಯವಾಯಿತು.

ಅವರು ಹುಟ್ಟಿದ್ದು ಅವಿನಾಶಿಯ ಕಡೆ, ಪವರ್‌ಲೂಮ್ ಶೆಡ್ಡಿನ ಪಕ್ಕದ ಮನೆಯಲ್ಲಿ. ಆ ಸದ್ದಿನಲ್ಲಿ ಬೆಳೆದದ್ದರಿಂದ ಮಾತು ಜೋರು. ಮದುವೆಯಾಗಿ ಸಿರುಮುಗೈಗೆ ಬಂದ ಹೊಸದರಲ್ಲಿ ಗಂಡನ ತಾಯಿ, ಭವಾನಿ ಹೊಳೆಯ ಆಚೆ ದಡದವರಿಗೆ ನಮ್ಮ ಮನೆ ವಿಷಯ ಬೇಕಾಗಿಲ್ಲ ಎಂದು ಹೇಳಿ ಹೇಳಿ ಅವರ ದನಿಯನ್ನು ಇಳಿಸಿದರಂತೆ. ಕೆಚ್ಚುವುದನ್ನು ಕಲಿಸಿದವರೂ ಅವರೇ. ಮಂಡಿನೋವು ಬಂದ ಮೇಲೆ ತಾವು ಹೋಗುತ್ತಿದ್ದ ಮನೆಗಳಿಗೆ ಸೊಸೆಯನ್ನು ಕೈಹಿಡಿದು ಕರೆದುಕೊಂಡು ಹೋದರು. ಹೋಗಿ ಬಿಟ್ಟು ಬರಲಿಲ್ಲ. ಸೊಸೆ ಮೊದಲ ಒಂದು ಹಿಡಿ ಎಳೆ ಸೇರಿಸುವವರೆಗೂ ಪಕ್ಕದಲ್ಲಿ ಕೂತಿದ್ದು, ಆ ಮನೆಯವರಿಗೆ ಧೈರ್ಯ ಬಂದ ಮೇಲೆ ಎದ್ದು ಬಂದರು.

ರಾಮಾತಾಳತ್ತೆ ಆಮೇಲೆ ಬೇರೆಯವರಿಗೂ ಹಾಗೆಯೇ ಮಾಡಿದರು. ಒಂದೇ ದಿನ ಎರಡು ಮನೆಯವರು ಕರೆದಾಗ, ಎರಡನೆಯ ಮನೆಯವರನ್ನು ನಾಳೆಯವರೆಗೆ ಕಾಯಿಸಲಿಲ್ಲ. ಆಗಷ್ಟೇ ಕೆಲಸ ಕಲಿತಿದ್ದ ಕುಪ್ಪಮ್ಮನನ್ನು ಕರೆದುಕೊಂಡು ಹೋಗಿ ಕೂರಿಸಿದರು. ಆ ಮನೆ ಕುಪ್ಪಮ್ಮನಿಗೇ ಉಳಿಯಿತು. ಅತ್ತೆಯ ಗಂಡ ಸುಬ್ಬಯ್ಯನ್ ಮಾವ, ಇನ್ನು ಸ್ವಲ್ಪ ದಿನ ಹೋದರೆ ನನ್ನನ್ನೂ ಯಾರಿಗಾದರೂ ಪರಿಚಯ ಮಾಡಿಸಿ ಬಿಟ್ಟು ಬರುತ್ತಾಳೆ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದರು. ಆದರೆ ಕುಪ್ಪಮ್ಮ ತನಗೆ ಎರಡು ಮನೆ ಒಟ್ಟಿಗೆ ಬಂದಾಗ ಒಂದನ್ನು ಅತ್ತೆಗೆ ಕಳಿಸಿದಳು. ದೊಡ್ಡ ಹಾಸು ಬಂದಾಗ ಇಬ್ಬರೂ ಎರಡು ಬದಿಯಲ್ಲಿ ಕೂತು ಕೆಚ್ಚತೊಡಗಿದರು.

ನಮ್ಮ ಕಡೆ ಯಾರನ್ನಾದರೂ ಯಾರಿಗಾದರೂ ಸೇರಿಸಿಕೊಟ್ಟರೆ ಕಮಿಷನ್ ಕೇಳುವುದು ವಾಡಿಕೆ. ಅತ್ತೆ ಕೇಳುವುದಿಲ್ಲ. ಮೊದಮೊದಲು ಇದರಿಂದ ಜನಕ್ಕೆ ಅನುಮಾನವೇ ಬಂತು. ಎರಡೂ ಕಡೆ ತೆಗೆದುಕೊಂಡಿರಬೇಕು, ಅದಕ್ಕೇ ಸುಮ್ಮನಿದ್ದಾಳೆ ಎಂದವರೂ ಇದ್ದರು. ಫೋನ್ ನಂಬರ್ ಕೊಟ್ಟು ಸುಮ್ಮನಾಗುವುದೂ ಅವರಿಗೆ ಒಗ್ಗುವುದಿಲ್ಲ. ಜೊತೆಗೆ ಹೋಗುತ್ತಾರೆ, ಇವರು ಇಂಥವರು ಎಂದು ಹೇಳುತ್ತಾರೆ, ಮಾತು ಹತ್ತಿಕೊಂಡ ಮೇಲೆ ಎದ್ದು ಬರುತ್ತಾರೆ. ಬೆಲೆಯ ಮಾತು ಬರುವಾಗ ಅಲ್ಲಿರುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವರ ಬಾಯಿ ಬಿಗಿ. ಯಾರ ಮಗ್ಗ ಖಾಲಿ ಎಂದು ಹೇಳುತ್ತಾರೆ, ಯಾರಿಗೆ ಯಾವ ಬಣ್ಣದ ನೂಲು ಉಳಿದಿದೆ ಎಂದು ಹೇಳುತ್ತಾರೆ. ಯಾರ ಮಗ್ಗದ ಮೇಲೆ ಯಾವ ಬುಟ್ಟಾ ಏಳುತ್ತಿದೆ ಎಂದು ಹೇಳುವುದಿಲ್ಲ. ಸೀರೆ ಅಂಗಡಿಗೆ ಹೋಗುವವರೆಗೂ ಅದರ ವಿನ್ಯಾಸ ಆ ಮನೆಯದು. ಹಬ್ಬದ ಮುಂಚೆ ಅಂಗಡಿಯವರು ಹೊಸ ಬುಟ್ಟಾ ಕೊಟ್ಟಾಗ, ಇದು ಬೇರೆ ಎಲ್ಲೂ ಕಾಣಬಾರದು ಎಂದು ಮಾತು ತೆಗೆದುಕೊಂಡಿರುತ್ತಾರೆ. ನಮ್ಮ ಮನೆಗಳಲ್ಲಿ ಮಗ್ಗ ಇರುವುದು ಮುಂದಿನ ಕೋಣೆಯಲ್ಲೇ. ಅದಕ್ಕೆ ಹೊರಗಿನವರು ಬಾಗಿಲಿಗೆ ಬಂದರೆ ಮನೆಯ ಹೆಂಗಸು ಮೊದಲು ಒಂದು ಹಳೆಯ ಸೀರೆಯನ್ನು ಮಗ್ಗದ ಮೇಲೆ ಹೊದಿಸಿ, ಆಮೇಲೆ ಬನ್ನಿ ಎನ್ನುತ್ತಾಳೆ. ಕೆಚ್ಚುವವರಿಗೆ ಮಾತ್ರ ಯಾರೂ ಮಗ್ಗ ಮುಚ್ಚುವುದಿಲ್ಲ.

ಕಳೆದ ಆಡಿ ತಿಂಗಳಲ್ಲಿ, ದೀಪಾವಳಿಗೆ ಮೂರು ತಿಂಗಳಿರುವಾಗ, ಅತ್ತೆಯ ಕೈಯಿಂದ ಒಂದು ತಪ್ಪಾಯಿತು. ಅವರಿಗೆ ಆಗಾಗ ಸಹಾಯಕ್ಕೆ ಹೋಗುವ ನಾನು ಕಣ್ಣಾರೆ ನೋಡಿದ್ದು ಸ್ವಲ್ಪ, ಉಳಿದದ್ದನ್ನು ಅತ್ತೆಯನ್ನೂ ಇತರರನ್ನೂ ಬೇರೆ ಬೇರೆಯಾಗಿ ಕೇಳಿ ತಿಳಿದುಕೊಂಡೆ.

ಕೆಳಗಿನ ಬೀದಿಯ ದಿವಾಕರ್‌ಗೆ ನಾಲ್ಕು ಮಗ್ಗಗಳಿವೆ. ಅವನ ಸೀರೆಗಳನ್ನೆಲ್ಲ ಕೊಳ್ಳುತ್ತಿದ್ದ ಅಂಗಡಿಯವರು ವ್ಯಾಪಾರ ನಿಲ್ಲಿಸಿದರು. ಎರಡು ಮಗ್ಗಗಳಲ್ಲಿ ಹಾಸು ಮುಗಿದು ಹಳೆಯ ಎಳೆಗಳು ಮಾತ್ರ ಜೋತಾಡುತ್ತಿದ್ದವು. ಉಳಿದೆರಡೂ ಮುಗಿದರೆ ಅವನ ನೇಕಾರರು ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋಗುತ್ತೇವೆಂದು ಹೇಳಿದ್ದರು. ಹಾಗೆ ಹೋದವರು ಮತ್ತೆ ಮಗ್ಗಕ್ಕೆ ಬರುವುದು ಕಡಿಮೆ.

ಆಗ ಶಿವಗಾಮಿ ಬಂದರು. ಕೊಯಮತ್ತೂರಿನ ಸಿಂಗಾನಲ್ಲೂರಿನಲ್ಲಿ ಹೊಸದಾಗಿ ಸೀರೆ ಅಂಗಡಿ ಇಟ್ಟವರು. ನಮ್ಮ ನೇಕಾರರ ಹಾಗೆ ಅವರ ಮನೆಯಲ್ಲೂ ಕನ್ನಡವೇ, ಆದರೆ ಅವರದು ತಲೆತಲಾಂತರದಿಂದ ಒಕ್ಕಲುತನದ ಮನೆ. ನೇಕಾರರಿಂದಲೇ ನೇರವಾಗಿ ಕೊಳ್ಳಬೇಕೆಂದು ಬಸ್ಸಿಳಿದು ವಿಚಾರಿಸಿದಾಗ ಟೀ ಅಂಗಡಿಯವರು ಅತ್ತೆಯ ಮನೆ ತೋರಿಸಿದರು. ಅತ್ತೆಗೆ ದಿವಾಕರನ ಮಗ್ಗಗಳು ನೆನಪಾದವು. ಸೀರೆಯ ನೆರಿಗೆ ಸರಿಮಾಡಿಕೊಂಡು ಆಗಲೇ ಅವರನ್ನು ಕರೆದುಕೊಂಡು ಹೊರಟರು.

ದಾರಿಯಲ್ಲಿ ತಿರುಮೂರ್ತಿಯವರ ಮನೆ. ಅವರು ಸಿರುಮುಗೈಯ ನೇಯ್ಗೆಯಲ್ಲಿ ಹಳೆಯ ಕೈ. ಅತ್ತೆ ಮದುವೆಯಾಗಿ ಬಂದ ಮೇಲೆ ಮೊದಲು ಕೆಚ್ಚಿದ್ದು ಆ ಮನೆಯ ಹಾಸನ್ನೇ. ಮರುದಿನ ಅಲ್ಲಿಗೆ ಕೆಲಸಕ್ಕೆ ಹೋಗಬೇಕಿತ್ತು. ಹೊಸ ಹಾಸು ಬಂತಾ ಎಂದು ಒಂದು ಮಾತು ಕೇಳಿಬಿಡೋಣ ಎಂದು ಅತ್ತೆ ಎಂದಿನಂತೆ ಚಪ್ಪಲಿ ಬಿಟ್ಟು ಒಳಗೆ ಹೋದರು. ಮಾತು ದಿವಾಕರನ ಬಗ್ಗೆ ನಡೆದಿತ್ತು, ಮನಸ್ಸೆಲ್ಲ ಅಲ್ಲೇ. ಹಿಂದೆ ಶಿವಗಾಮಿಯೂ ಚಪ್ಪಲಿ ಬಿಟ್ಟು ಒಳಗೆ ಬಂದರು. ತಿರುಮೂರ್ತಿಯವರ ಹೆಂಡತಿ ರುಕ್ಮಣಿ ಅತ್ತೆಯ ದನಿ ಕೇಳಿ ಅಡುಗೆಮನೆಯಿಂದಲೇ, ಬಾ ಎಂದರು. ಮಗ್ಗ ಮುಚ್ಚಿರಲಿಲ್ಲ.

ಆ ಸೀರೆ ಅಂಗಡಿಗೆ ಹೋಗಿ ದೀಪಾವಳಿಯೂ ಮುಗಿದಿರುವುದರಿಂದ ಅದರ ಮೇಲೆ ಏನಿತ್ತೆಂದು ಈಗ ಬರೆಯಬಹುದು. ಹಸಿರು ಮೈಯ ಮೇಲೆ ಬೆಳ್ಳಿ ಜರಿಯ ಹಂಸ. ಹಂಸದ ಬಾಲವೇ ಬಳ್ಳಿಯಾಗಿ ಅಂಚಿನವರೆಗೆ ಇಳಿದು, ಅಲ್ಲಿ ಮೊಗ್ಗಾಗುತ್ತಿತ್ತು. ಶಿವಗಾಮಿ ಎರಡು ನಿಮಿಷವಷ್ಟೇ ನಿಂತಿದ್ದರು. ಸಾಕಾಯಿತು.

ದಿವಾಕರನ ಮನೆಯಲ್ಲಿ ಮಾತು ಚೆನ್ನಾಗಿಯೇ ಶುರುವಾಯಿತು. ಅವನು ತನ್ನ ಹಳೆಯ ಸೀರೆಗಳನ್ನು ಬಿಚ್ಚಿ ತೋರಿಸಿದ. ನೇಯ್ಗೆ ಶಿವಗಾಮಿಗೆ ಹಿಡಿಸಿತು. ಬೆಲೆಯ ಮಾತು ಬರುತ್ತದೆಂದು ಅತ್ತೆ ಎದ್ದರು. ಆಗ ಶಿವಗಾಮಿ, ಬರುವ ದಾರಿಯಲ್ಲಿ ಒಂದು ಮನೆಯಲ್ಲಿ ಹಂಸದ ಸೀರೆ ನೋಡಿದೆ, ಅದನ್ನೇ ಬೇರೆ ಬಣ್ಣದಲ್ಲಿ ದೀಪಾವಳಿಗೆ ನೇಯ್ದು ಕೊಡಲು ಆಗುತ್ತದೆಯೇ, ನಾಲ್ಕು ಮಗ್ಗಕ್ಕೂ ನಾನೇ ಕೆಲಸ ಕೊಡುತ್ತೇನೆ ಎಂದರು.

ದಿವಾಕರ್ ಅತ್ತೆಯ ಮುಖ ನೋಡಿದ. ಅತ್ತೆ ಮತ್ತೆ ಕೂತು, ಮಗಳಿಗೆ ಹೇಳುವಂತೆ ಶಿವಗಾಮಿಗೆ ಹೇಳಿದರು.

"ಅದ ಕೇಳಬೇಡ ಕಣ್ಣು. ಅದು ಅವರ ಮನೇದು."

"ಅಲ್ಲ ಅಕ್ಕ," ಎಂದರು ಶಿವಗಾಮಿ. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ನಮ್ಮ ಕಡೆ ಪಕ್ಕದ ತೋಟದಲ್ಲಿ ಒಳ್ಳೆ ತಳಿ ಕಂಡ್ರೆ ಬೀಜ ಕೇಳತೀವಿ. ಅವ್ರೂ ಕೊಡ್ತಾರೆ. ಇದ್ರಲ್ಲಿ ತಪ್ಪೇನುಂಗ?"

"ಬೀಜ ಕೊಟ್ರೆ ಅವರ ತೋಟ ಬರಿದಾಗಲ್ಲ. ಬುಟ್ಟಾ ಕೊಟ್ರೆ ಆ ಮಗ್ಗಕ್ಕೆ ಕೆಲ್ಸ ಇರಲ್ಲ."

ಶಿವಗಾಮಿ ಜಗಳವಾಡಲಿಲ್ಲ. ಮುಖ ಮಾತ್ರ ಚಿಕ್ಕದಾಯಿತು. ಯೋಚಿಸಿ ಹೇಳುತ್ತೇನೆ ಎಂದು ದಿವಾಕರನ ನಂಬರ್ ತೆಗೆದುಕೊಂಡು ಬಸ್ಸಿಗೆ ಹೋದರು. ಅವರು ಹೋದ ಮೇಲೆ ದಿವಾಕರ್ ಸೀರೆಗಳನ್ನು ಒಂದೊಂದಾಗಿ ಮಡಿಚುತ್ತ, "ನೀವೇ ಕರ್ಕಂಡು ಬಂದ್ರಿ, ನೀವೇ ವಾಪಸ್ ಕಳಿಸಿದ್ರಿ ಅತ್ತೆ," ಎಂದ.

ಅತ್ತೆ ಮನೆಗೆ ಬರದೆ ನೇರವಾಗಿ ತಿರುಮೂರ್ತಿಯವರ ಮನೆಗೆ ಹೋದರು. ಬೇರೆಯವರ ಬಾಯಿಂದ ಆ ಮಾತು ಅವರಿಗೆ ತಲುಪಬಾರದು ಎಂಬುದಷ್ಟೇ ಆಗ ತಲೆಯಲ್ಲಿತ್ತಂತೆ. ಊಟಕ್ಕೆ ಕೂತಿದ್ದ ಅವರು ಏಳುವವರೆಗೂ ಕಾದು, ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಬಂದವಳು ಯಾರು, ಏನು ನೋಡಿದಳು, ಎಲ್ಲಿ ಏನು ಕೇಳಿದಳು, ಇನ್ನು ಬೇರೆಯವರ ಹತ್ತಿರವೂ ಕೇಳಬಹುದು ಎಂದು.

ತಿರುಮೂರ್ತಿ ಕೈ ಒರೆಸಿಕೊಂಡು ಮಗ್ಗದ ಕಡೆ ನೋಡಿದರು.

"ನೀನೇ ಬಂದು ಹೇಳ್ದೆ ಅಮ್ಮಣಿ, ಅದು ಸರಿ. ಆದ್ರೆ ನೋಡಿದ ಕಣ್ಣ ವಾಪಸ್ ಇಸ್ಕೊಳಕಾಗುತ್ತಾ?"

ಮರುದಿನ ಅತ್ತೆ ಕೆಚ್ಚಲು ಹೋದಾಗ ಬಾಗಿಲಲ್ಲಿ ರುಕ್ಮಣಿ ನಿಂತಿದ್ದರು. ಒಳಗೆ ಮಗ್ಗದ ಮೇಲೆ ಹಳೆಯ ಸೀರೆ ಹೊದಿಸಿತ್ತು. ಕುಪ್ಪಮ್ಮನಿಗೆ ಹೇಳಿ ಕಳಿಸಿದ್ದೇವೆ ಎಂದು ರುಕ್ಮಣಿ ನೆಲ ನೋಡುತ್ತ ಹೇಳಿದರು. ಕಾಫಿ ಕುಡಿದು ಹೋಗು ಎಂದೂ ಹೇಳಿದರು. ಅತ್ತೆ ಕಾಫಿ ಕುಡಿದೇ ಬಂದರು. ಬೇಡ ಎಂದರೆ ಅವರ ಮೇಲೆ ಕೋಪ ಎಂದಾಗುತ್ತದಲ್ಲ ಎಂದು ಆಮೇಲೆ ನನಗೆ ಹೇಳಿದರು.

ಒಂದು ಮನೆ ಹೋದರೆ ಇನ್ನೊಂದು ಮನೆ ಇದೆ ಎಂದು ನಾನು ಅಂದುಕೊಂಡಿದ್ದೆ. ಹಾಗಾಗಲಿಲ್ಲ. ತಿರುಮೂರ್ತಿ ಯಾರ ಹತ್ತಿರವೂ ಅತ್ತೆಯನ್ನು ಬೈಯಲಿಲ್ಲ, ಅದು ನಿಜ. ಆದರೆ ರಾಮಾತಾಳ್ ಬಂದರೂ ಆ ಮನೆಯಲ್ಲಿ ಮಗ್ಗ ಮುಚ್ಚುತ್ತಾರಂತೆ ಎಂಬ ಮಾತು ತಾನಾಗಿಯೇ ಬೀದಿ ಬೀದಿ ನಡೆಯಿತು. ಹಬ್ಬದ ಕೆಲಸದ ಸಮಯ, ಎಲ್ಲರ ಮಗ್ಗದ ಮೇಲೂ ಹೊಸ ಬುಟ್ಟಾ. ಒಬ್ಬೊಬ್ಬರಾಗಿ ಕರೆಯುವುದನ್ನು ಬಿಟ್ಟರು. ಯಾರ ಮಗ್ಗ ಖಾಲಿ ಎಂದು ಕೇಳಲು ಬರುತ್ತಿದ್ದವರೂ ನಿಂತರು. ಹಾಸು ಕೆಚ್ಚುವವರನ್ನು ಮನೆಯೊಳಗೆ ಬಿಡದಿದ್ದರೆ ಅವರಿಗೆ ಬೇರೆ ಕೆಲಸವೇನಿದೆ? ಅತ್ತೆ ಸುಬ್ಬಯ್ಯನ್ ಮಾವನ ಜೊತೆ ಕೂತು ಲಾಳಿಯ ಕಂಡಿಕೆಗೆ ನೂಲು ಸುತ್ತಿದರು. ಅದು ಕಣ್ಣು ಮಂದವಾದವರು ಮಾಡುವ ಕೆಲಸ. ಅವರ ಕಣ್ಣು ಚೆನ್ನಾಗಿಯೇ ಇತ್ತು.

ತಿರುಪ್ಪೂರಿನಲ್ಲಿ ಬನಿಯನ್ ಕಂಪನಿಯಲ್ಲಿರುವ ಮಗಳು ಗೋಕಿಲಾ ಫೋನ್ ಮಾಡಿ, ಇನ್ನು ಮುಂದೆ ಯಾರನ್ನೂ ಯಾರ ಮನೆಗೂ ಕರೆದುಕೊಂಡು ಹೋಗಬೇಡ, ನಿನ್ನ ಎಳೆ ನೀನು ನೋಡಿಕೋ ಎಂದಳು. ಅತ್ತೆ ಹೂಂ ಎಂದರು. ಆ ವಾರವೇ ಕುಚ್ಚು ಹಾಕುವ ಒಬ್ಬಳಿಗೆ ಕೆಲಸವಿಲ್ಲವೆಂದು ಗೊತ್ತಾಗಿ, ಅವಳಿಗೆ ಮೇಟ್ಟುಪಾಳಯದ ಒಂದು ಅಂಗಡಿಯ ದಾರಿ ಹೇಳಿದರು. ಜೊತೆಗೆ ಹೋಗಲಿಲ್ಲ, ಅಷ್ಟೇ.

ಈ ನಡುವೆ ಶಿವಗಾಮಿ ದಿವಾಕರ್‌ಗೆ ಮತ್ತೆ ಫೋನ್ ಮಾಡಿದ್ದರು. ಹಂಸವನ್ನು ಸ್ವಲ್ಪ ಬದಲಾಯಿಸಿ ನೇಯಬಹುದಲ್ಲ, ಯಾರಿಗೆ ತಿಳಿಯುತ್ತದೆ ಎಂದು ಕೇಳಿದರಂತೆ. ಆ ಹೊತ್ತಿಗೆ ಅವನ ಮೂರನೆಯ ಮಗ್ಗವೂ ನಿಂತಿತ್ತು. ಅವನು ಆಗುವುದಿಲ್ಲ ಎಂದ. ಇದನ್ನು ಅತ್ತೆಗೆ ಅವನು ಬಾಗಿಲಲ್ಲೇ ನಿಂತು, ಹಾಗೇ ಹೋಗುವವನಂತೆ ಹೇಳಿದ. ಯಾಕೆ ಒಪ್ಪಲಿಲ್ಲ ಎಂದು ಸುಬ್ಬಯ್ಯನ್ ಮಾವ ಕೇಳಿದ್ದಕ್ಕೆ, ಇವತ್ತು ನಾನು ಅವರದ್ದು ನೇಯ್ದರೆ ನಾಳೆ ನನ್ನದನ್ನು ಇನ್ನೊಬ್ಬರು ನೇಯುತ್ತಾರೆ, ಆಮೇಲೆ ಯಾರ ಮನೆಗೆ ಯಾರು ಹೋಗೋದು ಎಂದ.

ದೀಪಾವಳಿಗೆ ಮುಂಚಿನ ಪುರಟ್ಟಾಸಿ ತಿಂಗಳು ಬಂತು. ತಿರುಮೂರ್ತಿಯವರ ಹಂಸದ ಮೊದಲ ಸೀರೆಗಳನ್ನು ನೋಡಿ ಕೊಯಮತ್ತೂರಿನ ಅಂಗಡಿಯವರಿಗೆ ಬಹಳ ಇಷ್ಟವಾಗಿ, ದೀಪಾವಳಿಗೆ ಇಮ್ಮಡಿ ಬೇಕೆಂದರು. ತಿರುಮೂರ್ತಿಗೆ ಇರುವುದು ಮೂರು ಮಗ್ಗ. ಹೊರಗೆ ಕೊಡಲೇಬೇಕು. ಆದರೆ ಯಾರಿಗೆ? ಕೈ ಒಳ್ಳೆಯದಿರಬೇಕು, ಮಗ್ಗ ಖಾಲಿ ಇರಬೇಕು, ಬಾಯಿ ಗಟ್ಟಿ ಇರಬೇಕು. ಇಂಥದ್ದನ್ನು ಅವರು ಎಂದೂ ತಾವಾಗಿ ಹುಡುಕಿದವರಲ್ಲ. ಕೆಚ್ಚುತ್ತ ಕೂತಿದ್ದ ಕುಪ್ಪಮ್ಮನನ್ನು ಕೇಳಿದರು.

ಕುಪ್ಪಮ್ಮ ತಲೆ ಎತ್ತಲಿಲ್ಲವಂತೆ. "ನಂಗೆ ನನ್ ಎಳೆ ಗೊತ್ತುಂಗ. ಯಾರ ಮಗ್ಗ ಖಾಲಿ, ಯಾರ ಕೈ ಹೆಂಗೆ, ಅದೆಲ್ಲ ಅಕ್ಕಂಗೆ ಗೊತ್ತು. ನಾನು ಕೆಲ್ಸ ಮಾಡೋ ಮನೆಗಳಿಗೆಲ್ಲ ನನ್ನ ಕೈ ಹಿಡ್ಕಂಡು ಬಂದೋಳೂ ಅವಳೇ," ಎಂದಳು. ಎಂದು, ಮುಂದಿನ ಎಳೆಗೆ ಬೂದಿ ಹಚ್ಚಿಕೊಂಡಳು.

ಮಾರನೆಯ ಬೆಳಿಗ್ಗೆ ತಿರುಮೂರ್ತಿ ಅತ್ತೆಯ ಮನೆಗೆ ಬಂದರು. ನಾನು ಆಗ ಅಲ್ಲೇ ನೂಲು ಬಿಡಿಸುತ್ತಿದ್ದೆ. ಅವರು ಆ ಮನೆಗೆ ಬಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ, ಯಾವಾಗಲೂ ಅತ್ತೆಯೇ ಅಲ್ಲಿಗೆ ಹೋಗುವುದು. ಬಾಗಿಲಲ್ಲಿ ನಿಂತರು. ಸುಬ್ಬಯ್ಯನ್ ಮಾವ ರಾಟೆ ನಿಲ್ಲಿಸಿ, ಭಾವಮೈದುನನನ್ನು ಕರೆಯುವಂತೆ, "ವಾಂಗ ಮಾಪಿಳ್ಳೆ, ಬಾ ಒಳಗೆ. ನಮ್ಮನೇಲಿ ಮುಚ್ಚೋಕೆ ಮಗ್ಗ ಇಲ್ಲ," ಎಂದರು.

ಅತ್ತೆ ಗಂಡನನ್ನು ಒಂದು ನೋಟ ನೋಡಿ, ಚಾಪೆ ಹಾಸಿ, ನೀರು ತಂದರು. ತಿರುಮೂರ್ತಿ ನೀರು ಕುಡಿದು ಲೋಟವನ್ನು ಕೈಯಲ್ಲೇ ಇಟ್ಟುಕೊಂಡು ವಿಷಯ ಹೇಳಿದರು. ಆಗಿದ್ದರ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಖಾಲಿ ಮಗ್ಗ ಯಾರದಿದೆ ಎಂದಷ್ಟೇ ಕೇಳಿದರು.

"ದಿವಾಕರಂದು," ಎಂದರು ಅತ್ತೆ.

ಲೋಟ ಕೆಳಗೆ ಬಂತು. "ಅವನಾ? ನನ್ನ ಬುಟ್ಟಾ ಕೇಳಿದ ಮನೆ ಅದು."

"ಅವನು ಕೇಳ್ಲಿಲ್ಲ ಅಣ್ಣ, ಅವನ್ನ ಕೇಳಿದ್ರು. ಮಗ್ಗ ನಿಂತಿತ್ತು. ಆಮೇಲೆ ಫೋನ್ ಮಾಡಿ ಬೇರೆ ಕೇಳಿದ್ರು. ಆದ್ರೂ ಅವನು ನೆಯ್ಲಿಲ್ಲ." ಅತ್ತೆಯ ದನಿ ಅವಿನಾಶಿಯ ದನಿಯಾಗಿತ್ತು, ಬೀದಿಗೆ ಕೇಳಿಸುವಷ್ಟು. "ಈ ಊರಲ್ಲಿ ನಿಮ್ಮ ಹಂಸ ಯಾರ ಮನೇಲಿ ಭದ್ರವಾಗಿರುತ್ತೆ ಅಂತ ಕೇಳಿದ್ರೆ, ನಂಗೆ ಗೊತ್ತಿರೋದು ಅದೊಂದೇ ಮನೆ."

ಮಾವ ರಾಟೆಯನ್ನು ತಿರುಗಿಸಲೂ ಇಲ್ಲ, ಬಿಡಲೂ ಇಲ್ಲ. ಕೊನೆಗೆ ತಿರುಮೂರ್ತಿ ಎದ್ದು, "ನಡಿ ಅಮ್ಮಣಿ. ನಾನೊಬ್ನೇ ಹೋದ್ರೆ ಅವನು ಏನಂದ್ಕೋತಾನೋ," ಎಂದರು.

ಅತ್ತೆ ಹೊರಟರು. ಆದರೆ ದಿವಾಕರನ ಬೀದಿಯ ತುದಿಯಲ್ಲಿ ತಿರುಮೂರ್ತಿಯವರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ, ಮೊದಲು ನಾನು ಹೋಗಿ ಕೇಳಿ ಬರುತ್ತೇನೆ ಎಂದರು. ಅಷ್ಟು ದೊಡ್ಡ ಮನುಷ್ಯ ಅಲ್ಲಿದ್ದ ಸೈಕಲ್ ಅಂಗಡಿಯವನ ಮುಂದೆ ಕೈಕಟ್ಟಿ ನಿಂತುಕೊಂಡರು. ಅತ್ತೆ ದಿವಾಕರನ ಬಾಗಿಲ ಹೊರಗೇ ನಿಂತು, ಜೊತೆಗೊಬ್ಬರು ಬಂದಿದ್ದಾರೆ, ಕರೆದುಕೊಂಡು ಬರಲಾ ಎಂದು ಕೇಳಿದರು. ಯಾರು ಎಂದು ತಿಳಿದಾಗ ದಿವಾಕರ್ ಅಂಗಿ ಹುಡುಕಲು ಓಡಿದನಂತೆ.

"ತಿರುಮೂರ್ತಿ ಮಾವನ್ನ ರೋಡಲ್ಲಿ ನಿಲ್ಸಿ ಬಂದ್ರಾ ಅತ್ತೆ? ನನ್ನ ಕೊಲ್ಲಬೇಕು ಅಂತಾನಾ?"

"ನಿನ್ನ ಮನೆ. ನಿನ್ನ ಕೇಳ್ದೆ ಯಾರನ್ನೂ ಕರ್ಕಂಡು ಬರಲ್ಲ."

ಒಳಗೆ ಮಾತು ಹತ್ತಿಕೊಂಡ ಮೇಲೆ ಅತ್ತೆ ಎಂದಿನಂತೆ ಎದ್ದು ಬಂದರು. ಏನು ಮಾತಾಯಿತೆಂದು ನನಗೆ ಗೊತ್ತಿಲ್ಲ. ಎರಡು ದಿನದಲ್ಲಿ ತಿರುಮೂರ್ತಿಯವರ ಹಾಸು ದಿವಾಕರನ ಮನೆಗೆ ಬಂತು. ಅವನು ಹಳೆಯ ಎಳೆಗಳನ್ನು ಕತ್ತರಿಸದೆ ಬಿಟ್ಟಿದ್ದರಿಂದ ಕೂಡಲೇ ಕೆಚ್ಚಬಹುದಿತ್ತು. ಒಂದು ಬದಿಯಲ್ಲಿ ಅತ್ತೆ, ಇನ್ನೊಂದು ಬದಿಯಲ್ಲಿ ಕುಪ್ಪಮ್ಮ ಕೂತರು. ಅತ್ತೆಯನ್ನು ಕರೆಯಿರಿ ಎಂದು ಹೇಳಿ ಕಳಿಸಿದವರು ತಿರುಮೂರ್ತಿಯೇ. ಅದು ಊರಿಗೆಲ್ಲ ತಿಳಿಯಿತು. ಮುಂದಿನ ವಾರದಿಂದ ಬೇರೆ ಮನೆಯವರೂ ಒಬ್ಬೊಬ್ಬರಾಗಿ, ನಡುವೆ ಏನೂ ಆಗಿಲ್ಲವೆಂಬಂತೆ ಕರೆಯತೊಡಗಿದರು.

ಎಲ್ಲರೂ ಕರೆದರು ಎಂದು ಬರೆದರೆ ಸುಳ್ಳಾಗುತ್ತದೆ. ಮೇಲಿನ ಬೀದಿಯ ಎರಡು ಮನೆಯವರು ಇವತ್ತಿಗೂ ಕುಪ್ಪಮ್ಮನನ್ನೇ ಕರೆಯುತ್ತಾರೆ. ಅದರ ಬಗ್ಗೆ ಅತ್ತೆಗೆ ಬೇಸರವಿಲ್ಲ. ಅವರ ಮನಸ್ಸಿನಲ್ಲಿ ಉಳಿದದ್ದು ಬೇರೆ. ನಂಬಿ ಬಂದವಳನ್ನು ಬರಿಗೈಯಲ್ಲಿ ಕಳಿಸಿದೆನಲ್ಲ, ಅವಳಿಗೆ ನಮ್ಮ ರೀತಿ ಗೊತ್ತಿರಲಿಲ್ಲ, ಒಳಗೆ ಹೋಗುವ ಮೊದಲು ಹೇಳಬೇಕಾಗಿದ್ದವಳು ನಾನು, ಎಂದು ಆಗಾಗ ಹೇಳುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಅವರೇ ಶಿವಗಾಮಿಗೆ ಫೋನ್ ಮಾಡಿದರು. ಆ ಕಡೆಯಿಂದ ಮೊದಲು ಮಾತು ಬಿಗಿಯಾಗಿತ್ತಂತೆ. ಅತ್ತೆ ಹಳೆಯದನ್ನು ಎತ್ತಲಿಲ್ಲ. ಅವಿನಾಶಿಯಲ್ಲಿ ನಮ್ಮ ತವರಿನ ಬೀದಿಯಲ್ಲಿ ರಾಜಾಮಣಿ ಎಂಬುವರು ಸೀರೆಗೆ ಚಿತ್ರ ಬರೆದು, ಅದನ್ನು ಮಗ್ಗಕ್ಕೆ ಹಾಕುವ ರಟ್ಟಿನ ಅಟ್ಟೆಯಲ್ಲಿ ಕೊರೆದು ಕೊಡುತ್ತಾರೆ, ನಿನ್ನ ಅಂಗಡಿಗೆ ನಿನ್ನದೇ ಬುಟ್ಟಾ ಮಾಡಿಸಿಕೊಳ್ಳಬಹುದು, ನಾನು ಅವರನ್ನು ಕೇಳಿಯೇ ನಿನಗೆ ಹೇಳುತ್ತಿದ್ದೇನೆ ಎಂದರು. ಶಿವಗಾಮಿ ಯಾಕೆ ನನಗೆ ಇದೆಲ್ಲ ಮಾಡುತ್ತೀರಿ ಎಂದು ಕೇಳಿದರು. ಅವಿನಾಶಿಗೆ ಹೋಗಿ ಬಹಳ ದಿನವಾಯಿತು, ಅಕ್ಕನ ಮನೆಗೂ ಹೋದ ಹಾಗಾಗುತ್ತದೆ ಎಂದರು ಅತ್ತೆ.

ಒಂದು ಭಾನುವಾರ ಇಬ್ಬರೂ ಅವಿನಾಶಿಯಲ್ಲಿ ಸೇರಿದರು. ರಾಜಾಮಣಿ ಶಿವಗಾಮಿಯನ್ನು ಕೂರಿಸಿಕೊಂಡು ಅವರ ಊರು, ಮನೆ, ತೋಟ ಎಲ್ಲ ವಿಚಾರಿಸುತ್ತ ಬರೆಯತೊಡಗಿದರು. ಅತ್ತೆ ಬೆಲೆಯ ಮಾತಿಗೆ ಮುಂಚೆ ಎದ್ದು ಅಕ್ಕನ ಮನೆಗೆ ಹೋದರು.

ಈಗ ದಿವಾಕರನ ನಾಲ್ಕನೆಯ ಮಗ್ಗದ ಮೇಲೆ ಶಿವಗಾಮಿಯ ಸೀರೆ ಏಳುತ್ತಿದೆ. ಅದರ ಹಾಸು ಕೆಚ್ಚಿದ್ದೂ ಅತ್ತೆಯೇ. ಅತ್ತೆಗೆ ಸಹಾಯಕ್ಕೆ ಹೋದಾಗ ನಾನೂ ಆ ಬುಟ್ಟಾ ನೋಡಿದೆ. ಬಹಳ ಚೆನ್ನಾಗಿದೆ. ಅದು ಇನ್ನೂ ಅಂಗಡಿಗೆ ಹೋಗಿಲ್ಲ, ಆದ್ದರಿಂದ ಏನೆಂದು ಇಲ್ಲಿ ಬರೆಯುವುದಿಲ್ಲ.